ಬೊಜ್ಜು, ಮೂತ್ರಪಿಂಡ ಮತ್ತು ಏರೋಬಿಕ್ ವ್ಯಾಯಾಮ: ನಾಲವಾರ ಸೀಮೆಯ ಬಿಸಿಲಿನಲ್ಲಿ ಒಂದು ವಿವೇಚನೆ

ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನ ನಾಲವಾರದ ಸುತ್ತ ಎರಡು ಬಗೆಯ ಬದುಕು ಅಕ್ಕಪಕ್ಕದಲ್ಲೇ ಸಾಗಿವೆ. ಶಹಾಬಾದ್ ಕಲ್ಲಿನ ಗಣಿಗಳಲ್ಲಿ ಪರ್ಸಿ (ಹಾಸುಗಲ್ಲು) ಎಬ್ಬಿಸುವವರು, ತೊಗರಿ ಹೊಲದಲ್ಲಿ ಬೆವರಿಳಿಸುವವರು ಒಂದು ಕಡೆ. ವಾಡಿ, ಸೇಡಂ ಪೇಟೆಗಳ ಅಂಗಡಿ, ಕಚೇರಿಗಳಲ್ಲಿ ಕುಳಿತೇ ದಿನ ಕಳೆಯುವವರು ಇನ್ನೊಂದು ಕಡೆ. ಬೊಜ್ಜಿನಿಂದ ಮೂತ್ರಪಿಂಡಕ್ಕಾಗುವ ಹಾನಿಯನ್ನು ವ್ಯಾಯಾಮ ತಡೆದೀತೇ ಎಂದು ಇಲ್ಲಿ ಕೇಳುವಾಗ ಇಬ್ಬರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ದುಡಿಮೆಯೆಲ್ಲ ವ್ಯಾಯಾಮವಲ್ಲ ಎಂಬುದೇ ಈ ಲೇಖನದ ವಾದ.

ಅತಿ ಸ್ಥೂಲಕಾಯದವರ ಮೂತ್ರದಲ್ಲಿ ಪ್ರೋಟೀನ್ ಹೇರಳವಾಗಿ ಸೋರುವುದನ್ನು ವೈದ್ಯರು 1974ರಲ್ಲಿ ವರದಿ ಮಾಡಿದರು. ಮೈ ಬೆಳೆದರೂ ಮೂತ್ರಪಿಂಡದ ಸೋಸುವ ಘಟಕಗಳಾದ ನೆಫ್ರಾನ್‌ಗಳ ಸಂಖ್ಯೆ ಬೆಳೆಯುವುದಿಲ್ಲ; ಇರುವಷ್ಟೇ ನೆಫ್ರಾನ್‌ಗಳು ಹೆಚ್ಚು ರಕ್ತ ಸೋಸಬೇಕಾಗುತ್ತದೆ. ಗ್ಲೊಮೆರುಲಸ್ ಎಂಬ ರಕ್ತನಾಳಗಳ ಗಂಟು ಒತ್ತಡಕ್ಕೆ ಹಿಗ್ಗುತ್ತದೆ. ಅದನ್ನು ಹೊರಗಿನಿಂದ ತಬ್ಬಿರುವ ಪೋಡೋಸೈಟ್ ಕೋಶಗಳಿಗೆ ವಿಭಜನೆಗೊಂಡು ಹೆಚ್ಚುವ ಶಕ್ತಿ ಇಲ್ಲವೆನ್ನುವಷ್ಟು ಕಡಿಮೆ. ಹಿಗ್ಗಿದ ಮೇಲ್ಮೈಯನ್ನು ಮುಚ್ಚಲು ಅವು ತಾವೇ ಚಾಚಿಕೊಳ್ಳುತ್ತವೆ, ಕೊನೆಗೆ ಕಳಚಿ ಮೂತ್ರದೊಂದಿಗೆ ಹರಿದುಹೋಗುತ್ತವೆ. ಬರಿದಾದ ಜಾಗದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನ್ ಸೋರುತ್ತದೆ, ಆ ಜಾಗ ಕಲೆಗಟ್ಟುತ್ತದೆ. ಈ ಯಾವ ಹಂತದಲ್ಲೂ ರೋಗಿಗೆ ನೋವಿಲ್ಲ.

ಬಿರುನಡಿಗೆ, ಸೈಕಲ್ ಸವಾರಿಯಂಥ ಏರೋಬಿಕ್ ವ್ಯಾಯಾಮ ಹೊಟ್ಟೆಯೊಳಗಿನ ಕೊಬ್ಬನ್ನು ಕರಗಿಸುತ್ತದೆ. ತೂಕ ಇಳಿಯದಿದ್ದರೂ ಈ ಲಾಭ ಸಿಗಬಲ್ಲದು. ರಕ್ತದೊತ್ತಡ ತಗ್ಗುತ್ತದೆ, ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುತ್ತದೆ. ಬೊಜ್ಜು ಬರಿಸಿದ ಇಲಿಗಳಲ್ಲಿ ವ್ಯಾಯಾಮದಿಂದ ಮೂತ್ರಪಿಂಡದ ಉರಿಯೂತ, ಕೊಬ್ಬಿನ ಶೇಖರಣೆ ಕಡಿಮೆಯಾದದ್ದು ಕಂಡಿದೆ. ಮನುಷ್ಯರ ವಿಷಯದಲ್ಲಿ ಅಮೆರಿಕದ ಲುಕ್ ಅಹೆಡ್ ಅಧ್ಯಯನ ಮುಖ್ಯವಾದುದು. ಮಧುಮೇಹದ ಜೊತೆಗೆ ಅಧಿಕ ತೂಕವಿದ್ದ 5,145 ಜನರಲ್ಲಿ, ಆಹಾರ ನಿಯಂತ್ರಣ ಮತ್ತು ವಾರಕ್ಕೆ 175 ನಿಮಿಷದ ವ್ಯಾಯಾಮದ ಗುರಿ ಪಡೆದ ಗುಂಪಿನಲ್ಲಿ ತೀವ್ರ ಅಪಾಯದ ಮೂತ್ರಪಿಂಡ ರೋಗ ಶೇ. 31ರಷ್ಟು ಕಡಿಮೆಯಾಯಿತು. ಆಹಾರವೂ ಸೇರಿದ್ದರಿಂದ ಪೂರ್ತಿ ಶ್ರೇಯಸ್ಸು ವ್ಯಾಯಾಮದ್ದಲ್ಲ. ಆದರೆ 70ರಿಂದ 89 ವಯಸ್ಸಿನ 1,199 ಜನರ ಇನ್ನೊಂದು ಪ್ರಯೋಗದಲ್ಲಿ, ಎರಡು ವರ್ಷದ ನಿಯಮಿತ ವ್ಯಾಯಾಮ ಮೂತ್ರಪಿಂಡದ ಸೋಸುವ ಶಕ್ತಿಯ ಕುಸಿತವನ್ನು ಸ್ವಲ್ಪ ಮಟ್ಟಿಗೆ ನಿಧಾನಗೊಳಿಸಿತು.

ಇದನ್ನು ಕೇಳಿ ಗಣಿ ಕಾರ್ಮಿಕರ ಮೂತ್ರಪಿಂಡ ಸುರಕ್ಷಿತವೆಂದು ಭಾವಿಸಿದರೆ ತಪ್ಪಾದೀತು. ಕಲಬುರಗಿ ಸೀಮೆಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ನಿಕರಾಗುವಾ, ಎಲ್ ಸಾಲ್ವಡಾರ್ ದೇಶಗಳಲ್ಲಿ ಸುಡುಬಿಸಿಲಿನಲ್ಲಿ ಕಬ್ಬು ಕಡಿಯುವ, ಬೊಜ್ಜಾಗಲಿ ಮಧುಮೇಹವಾಗಲಿ ಇಲ್ಲದ ಯುವಕರ ಮೂತ್ರಪಿಂಡಗಳೇ ಕೆಟ್ಟಿವೆ. ನೀರು, ವಿಶ್ರಾಂತಿ, ನೆರಳು ಒದಗಿಸಿದಾಗ ಹಾನಿ ತಗ್ಗಿದೆ. ಮೈಕೈ ನೋವಿಗೆ ಪದೇಪದೇ ನುಂಗುವ ನೋವಿನ ಗುಳಿಗೆ, ದೇಹದಲ್ಲಿ ನೀರು ಬತ್ತಿದ ಹೊತ್ತಿನಲ್ಲಿ ಮತ್ತಷ್ಟು ಅಪಾಯಕಾರಿ.

ಆದ್ದರಿಂದ ಸಲಹೆ ಒಂದೇ ಆಗಲಾರದು. ಸೊಂಟದ ಸುತ್ತಳತೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂ.ಮೀ. ದಾಟಿದ ಪೇಟೆಯವರಿಗೆ ವಾರಕ್ಕೆ ಕನಿಷ್ಠ 150 ನಿಮಿಷದ ಬಿರುನಡಿಗೆ ಬೇಕು. ಬೇಸಿಗೆಯಲ್ಲಿ ಅದು ನಸುಕಿನಲ್ಲೇ ಮುಗಿಯಲಿ. ಗಣಿಯವರಿಗೆ ಬೇಕಾದದ್ದು ಕುಡಿಯುವ ನೀರು ಮತ್ತು ನೆರಳಿನ ಬಿಡುವು. ಕಲಬುರಗಿಯ ವೈದ್ಯಕೀಯ ಕಾಲೇಜುಗಳು ಈ ಎರಡೂ ಗುಂಪಿನವರ ಮೂತ್ರದ ಅಲ್ಬುಮಿನ್ ಮತ್ತು ಸೋಸುವ ಶಕ್ತಿಯನ್ನು ತೋರಿಸುವ ರಕ್ತದ ಕ್ರಿಯಾಟಿನಿನ್ ಅನ್ನು ಚಳಿಗಾಲದಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ ಪರೀಕ್ಷಿಸುವ ಕೆಲಸವನ್ನು ಕೈಗೆತ್ತಿಕೊಳ್ಳಬೇಕು.