ವಸಂತಾರಂಭದ ಬಾಸ್ ಗಾಳಗಾರಿಕೆ

ಉತ್ತರ ಅಮೆರಿಕದ ಸರೋವರ, ಜಲಾಶಯಗಳಲ್ಲಿ ಚಳಿ ಕಳೆದು ನೀರು ಬೆಚ್ಚಗಾಗುವ ಹೊತ್ತಿಗೆ, ಮೊಟ್ಟೆಯಿಡಲೆಂದು ದಡದತ್ತ ಬರುವ ಬ್ಲ್ಯಾಕ್ ಬಾಸ್ ಮೀನುಗಳನ್ನು ಗಾಳ ಹಾಕಿ ಹಿಡಿಯುವ ಹವ್ಯಾಸ. ಬ್ಲ್ಯಾಕ್ ಬಾಸ್ ಎಂಬುದು ಸನ್‌ಫಿಶ್ ಕುಟುಂಬದ ಮೈಕ್ರಾಪ್ಟೆರಸ್ ಕುಲಕ್ಕೆ ಸೇರಿದ ಸಿಹಿನೀರಿನ ಮೀನುಗಳ ಒಟ್ಟು ಹೆಸರು. ಕಡಲಿನ ಸೀ ಬಾಸ್‌ಗೂ ಇವಕ್ಕೂ ಹತ್ತಿರದ ನಂಟಿಲ್ಲ. ಲಾರ್ಜ್‌ಮೌತ್ ಮತ್ತು ಸ್ಮಾಲ್‌ಮೌತ್ ಬಾಸ್‌ಗಳು ಗಾಳಗಾರರಿಗೆ ಮುಖ್ಯವಾದವು. ಈ ಹವ್ಯಾಸದ ಇತಿಹಾಸವನ್ನು ಸಾಮಾನ್ಯವಾಗಿ ರೀಲು, ಕೃತಕ ಎರೆ, ಬಹುಮಾನದ ಪಂದ್ಯಗಳ ಕಥೆಯಾಗಿ ಬರೆಯುತ್ತಾರೆ. ವಸಂತದ ಮಟ್ಟಿಗೆ ಅದು ಅರ್ಧ ಕಥೆ. ಮೊಟ್ಟೆಯಿಡುವ ಕಾಲದಲ್ಲಿ ಗಾಳವನ್ನು ನಿಷೇಧಿಸಬೇಕೇ ಎಂಬ, ಇನ್ನೂ ಬಗೆಹರಿಯದ ವಾದವೇ ಉಳಿದರ್ಧ.

ವಾದದ ಬೇರು ಮೀನಿನ ಜೀವನಕ್ರಮದಲ್ಲಿದೆ. ನೀರಿನ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ದಾಟತೊಡಗಿದಾಗ ಬಾಸ್‌ಗಳು ಆಳ ಬಿಟ್ಟು ಮೇಲಕ್ಕೆ ಸರಿಯುತ್ತವೆ. ಬಿಸಿಲು ನೇರವಾಗಿ ಬಿದ್ದು, ಬಡಗಣ ಗಾಳಿಯಿಂದ ಮರೆಯಿರುವ ಉತ್ತರದ ದಡ ಮೊದಲು ಬೆಚ್ಚಗಾಗುವುದರಿಂದ ಮಾರ್ಚ್ ತಿಂಗಳ ಗಾಳಗಾರರು ದೋಣಿಯನ್ನು ಅತ್ತ ತಿರುಗಿಸುತ್ತಾರೆ. ತಣ್ಣೀರಿನ ಮೀನು ಓಡಿ ಬಂದು ಎರೆ ಕಚ್ಚುವುದಿಲ್ಲ. ಹಾಗಾಗಿ ಜರ್ಕ್‌ಬೇಟ್ ಎಂಬ ಉದ್ದನೆಯ ಕೃತಕ ಮೀನನ್ನು ಎರಡು ಸಲ ಜಗ್ಗಿ, ದಾರ ಸಡಿಲಬಿಟ್ಟು, ನೀರಿನ ನಡುವೆ ಅಲುಗಾಡದಂತೆ ನಿಲ್ಲಿಸಿ ಕಾಯುತ್ತಾರೆ. ಕಚ್ಚಿದ್ದು ಎಷ್ಟೋ ಸಲ ಎಳೆತವಾಗಿ ತಿಳಿಯದೆ, ದಾರಕ್ಕೆ ಸುಮ್ಮನೆ ಭಾರ ಬಂದಂತೆ ತಿಳಿಯುತ್ತದೆ. ನೀರು 15 ಡಿಗ್ರಿಗೆ ಬಂದ ಮೇಲೆ ಗಂಡು ಮೀನು ಬಾಲದಿಂದ ತಳದ ಕೆಸರು ಗುಡಿಸಿ, ಕೆಳಗಿನ ಮರಳು, ಜಲ್ಲಿ ಕಾಣುವಂತೆ ದುಂಡನೆಯ ಗೂಡು ಮಾಡುತ್ತದೆ. ಹೆಣ್ಣು ಮೊಟ್ಟೆಯಿಟ್ಟು ಹೋಗುತ್ತದೆ. ಮರಿಗಳು ಚದುರುವವರೆಗೆ ಕಾವಲು ಗಂಡಿನದು. ಗೂಡಿನ ಹತ್ತಿರ ಬಂದುದನ್ನೆಲ್ಲ ಅದು ಹಸಿವಿಲ್ಲದಿದ್ದರೂ ಕಚ್ಚಿ ಓಡಿಸುತ್ತದೆ. ಗಾಳಕ್ಕೆ ಸುಲಭವಾಗಿ ಸಿಗುವುದೂ ಇದರಿಂದಲೇ.

ಈ ಹವ್ಯಾಸದ ಹಳೆಯ ಘಟ್ಟಗಳು ಚೆನ್ನಾಗಿ ದಾಖಲಾಗಿವೆ. 19ನೇ ಶತಮಾನದ ಆರಂಭದಲ್ಲಿ ಕೆಂಟಕಿಯ ಗಡಿಯಾರ ತಯಾರಕ ಜಾರ್ಜ್ ಸ್ನೈಡರ್ ಹಲ್ಲುಚಕ್ರಗಳ ವೇಗದ ರೀಲು ಮಾಡಿದ. 1854ರಲ್ಲಿ ಉಗಿಬಂಡಿಯ ನೀರಿನ ತೊಟ್ಟಿಯಲ್ಲಿ ಬಾಸ್‌ಗಳನ್ನು ಸಾಗಿಸಿ ಪೊಟೋಮ್ಯಾಕ್ ನದಿಗೆ ಬಿಟ್ಟರು. 1881ರಲ್ಲಿ ವೈದ್ಯ ಜೇಮ್ಸ್ ಹೆನ್‌ಷಲ್ ಈ ಮೀನಿಗೇ ಮೀಸಲಾದ ಗ್ರಂಥ ಪ್ರಕಟಿಸಿ, ಟ್ರೌಟ್‌ಗೆ ಇದ್ದ ಮರ್ಯಾದೆಯನ್ನು ಬಾಸ್‌ಗೂ ತಂದುಕೊಟ್ಟ. ಮಿಷಿಗನ್‌ನ ಡೋವಾಜಿಯಾಕ್ ಊರಿನ ಜೇನುಸಾಕಣೆಗಾರ ಜೇಮ್ಸ್ ಹೆಡನ್ ಕೆರೆಗೆ ಎಸೆದ ಮರದ ಚೂರಿಗೆ ಬಾಸ್ ಎರಗಿದ್ದೇ ಕೃತಕ ಎರೆಯ ಹುಟ್ಟು ಎಂಬ ಕಥೆ ಜನಪ್ರಿಯ. ಆದರೆ ಜೂಲಿಯೊ ಬ್ಯುಯೆಲ್ ತನ್ನ ಲೋಹದ ಚಮಚೆ ಎರೆಗೆ ಪೇಟೆಂಟ್ ಪಡೆದದ್ದು 1852ರಲ್ಲೇ. ಹೆಡನ್ ಪ್ರಸಂಗವನ್ನು ಐತಿಹ್ಯವೆಂದು ಓದುವುದು ಸರಿ. ರಾಜ್ಯದ ಕಾನೂನು ಮೀರಿ ಹಿಡಿದ ಬಾಸ್‌ಗಳನ್ನು ಬೇರೆ ರಾಜ್ಯಕ್ಕೆ ಸಾಗಿಸದಂತೆ 1926ರ ಬ್ಲ್ಯಾಕ್ ಬಾಸ್ ಕಾಯಿದೆ ತಡೆ ಹಾಕಿತು. ವಸಂತದಲ್ಲಿ ಗಾಳಕ್ಕೆ ಬಿಡುವು ಕೊಡುವುದು ಆಗ ಅನೇಕ ರಾಜ್ಯಗಳ ಪದ್ಧತಿ.

ಈ ಪದ್ಧತಿಯನ್ನು ಅಲುಗಿಸಿದ್ದು ಟೆನೆಸಿ ಕಣಿವೆ ಪ್ರಾಧಿಕಾರದ ಅಣೆಕಟ್ಟುಗಳು. 1936ರಲ್ಲಿ ಮುಗಿದ ನಾರಿಸ್ ಅಣೆಕಟ್ಟಿನ ಜಲಾಶಯವನ್ನು ಪ್ರಾಧಿಕಾರದ ಜೀವವಿಜ್ಞಾನಿ ಆರ್. ಡಬ್ಲ್ಯೂ. ಎಶ್‌ಮೈಯರ್ ವರ್ಷಗಟ್ಟಲೆ ಅಧ್ಯಯನ ಮಾಡಿದರು. ಅಲ್ಲಿನ ಮೀನುಗಳಲ್ಲಿ ಗಾಳಕ್ಕೆ ಸಿಗುವುದು ಸಣ್ಣ ಪಾಲು ಮಾತ್ರ, ಉಳಿದವು ಸಹಜವಾಗಿಯೇ ಸಾಯುತ್ತವೆ, ಆದ್ದರಿಂದ ವಸಂತದ ನಿಷೇಧದಿಂದ ಲಾಭವಿಲ್ಲ ಎಂಬುದು ಅವರ ತೀರ್ಮಾನ. 1940ರ ದಶಕದಲ್ಲಿ ನಾರಿಸ್ ವರ್ಷವಿಡೀ ಗಾಳಕ್ಕೆ ತೆರೆಯಿತು. ದಕ್ಷಿಣದ ರಾಜ್ಯಗಳಲ್ಲಿ ಇದೇ ನೀತಿ ನೆಲೆಯೂರಿತು. ಪಂದ್ಯಗಳ ಇತಿಹಾಸಕಾರರು ಒಂದು ಸಾಲಿನಲ್ಲಿ ದಾಟಿಹೋಗುವ ಈ ಘಟನೆ ಇಲ್ಲದಿದ್ದರೆ ಇಂದಿನ ಮಾರ್ಚ್ ತಿಂಗಳ ಸಂಭ್ರಮವೇ ಇರುತ್ತಿರಲಿಲ್ಲ.

ಆಮೇಲಿನದು ವ್ಯಾಪಾರದ ಏರುಗಾಲ: 1949ರಲ್ಲಿ ನಿಕ್ ಕ್ರೀಮ್ ತಯಾರಿಸಿದ ಪ್ಲಾಸ್ಟಿಕ್ ಎರೆಹುಳು, 1950ರ ದಶಕದ ಕೊನೆಗೆ ಬಂದ ಲೊರಾನ್ಸ್ ಕಂಪನಿಯ ಮೀನುಶೋಧಕ, ವಿಮೆ ಮಾರುತ್ತಿದ್ದ ರೇ ಸ್ಕಾಟ್ 1967ರಲ್ಲಿ ಅರ್ಕಾನ್ಸಾದ ಬೀವರ್ ಸರೋವರದಲ್ಲಿ ನಡೆಸಿದ ಪಂದ್ಯ. 1972ರಿಂದ ಸ್ಕಾಟ್ ಪಂದ್ಯಗಳಲ್ಲಿ ಹಿಡಿದ ಮೀನನ್ನು ಜೀವಂತ ಬಿಡುವ ರೂಢಿ ತಂದರು.

ಅತಿ ದೊಡ್ಡ ಬಾಸ್ ಸಿಗುವುದು ವಸಂತಾರಂಭದಲ್ಲೇ ಎಂಬ ನಂಬಿಕೆಯನ್ನು ಅಧಿಕೃತ ದಾಖಲೆಗಳು ಪೂರ್ತಿ ಬೆಂಬಲಿಸುವುದಿಲ್ಲ. ಜಾರ್ಜ್ ಪೆರಿ ಜಾರ್ಜಿಯಾದ ಮಾಂಟ್‌ಗೊಮರಿ ಸರೋವರದಲ್ಲಿ 10.09 ಕಿಲೋ ಮೀನು ಹಿಡಿದದ್ದು 1932ರ ಜೂನ್ 2ರಂದು. ಮನೆಯವರು ಅದನ್ನು ಅಡುಗೆ ಮಾಡಿ ಉಂಡರು. ಅದನ್ನು ಸರಿಗಟ್ಟಿದ 10.12 ಕಿಲೋ ಮೀನನ್ನು ಮನಾಬು ಕುರಿಟಾ ಜಪಾನಿನ ಬಿವಾ ಸರೋವರದಲ್ಲಿ ಹಿಡಿದದ್ದು 2009ರ ಜುಲೈ 2ರಂದು. ವ್ಯತ್ಯಾಸ ತೀರ ಕಡಿಮೆಯಾದ್ದರಿಂದ ನಿಯಮದಂತೆ ಇಬ್ಬರ ಹೆಸರೂ ಉಳಿಯಿತು. ನಂಬಿಕೆಗೆ ಬಲ ಕೊಟ್ಟದ್ದು ಕ್ಯಾಲಿಫೋರ್ನಿಯಾ. 1959ರಲ್ಲಿ ಸ್ಯಾನ್ ಡಿಯಾಗೊ ಕಡೆಗೆ ತಂದ ಫ್ಲಾರಿಡಾ ಬಾಸ್‌ಗಳು, ಗಾಳಗಾರರಿಗೆಂದೇ ಬಿಟ್ಟಿದ್ದ ಟ್ರೌಟ್‌ಗಳನ್ನು ತಿಂದು ದೈತ್ಯವಾಗಿ ಬೆಳೆದವು. ಕಸೀಟಸ್ ಸರೋವರದಲ್ಲಿ 1980ರಲ್ಲೂ ಕಸ್ಟೇಕ್ ಸರೋವರದಲ್ಲಿ 1991ರಲ್ಲೂ ಸಿಕ್ಕ ಪ್ರಸಿದ್ಧ ಮೀನುಗಳು ಮಾರ್ಚ್ ತಿಂಗಳವು. ಒಡಲು ಮೊಟ್ಟೆಯಿಂದ ತುಂಬಿದ ಹೆಣ್ಣಿನ ತೂಕ ಆಗ ಹೆಚ್ಚಿರುತ್ತದೆ. 2006ರ ಮಾರ್ಚ್ 20ರಂದು ಎಸ್ಕಾಂಡಿಡೊ ಬಳಿಯ ಡಿಕ್ಸನ್ ಸರೋವರದಲ್ಲಿ ಮ್ಯಾಕ್ ವೀಕ್ಲಿ ಎತ್ತಿದ ಮೀನು ಕೈತಕ್ಕಡಿಯಲ್ಲಿ 11 ಕಿಲೋ ಮೀರಿತ್ತು. ಗಾಳ ಬಾಯಿಗಲ್ಲದೆ ಮೈಗೆ ಸಿಕ್ಕಿದ್ದರಿಂದ ಅದನ್ನು ನೀರಿಗೆ ಬಿಟ್ಟರು, ದಾಖಲೆಗೂ ಸಲ್ಲಿಸಲಿಲ್ಲ.

ಗೂಡಿನ ಮೀನಿನ ಪ್ರಶ್ನೆ 1990ರ ದಶಕದಲ್ಲಿ ಮತ್ತೆ ತೆರೆದುಕೊಂಡಿತು. ಡೇವಿಡ್ ಫಿಲಿಪ್ ಮತ್ತು ಸಂಗಡಿಗರು ಒಂಟಾರಿಯೊದಲ್ಲಿ ನಡೆಸಿ 1997ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಗಂಡನ್ನು ಹಿಡಿದು ಬಿಟ್ಟರೂ ನಷ್ಟ ತಪ್ಪದು: ಕಾವಲಿಲ್ಲದ ಹೊತ್ತಿನಲ್ಲಿ ಬೇರೆ ಮೀನುಗಳು ಗೂಡು ಲೂಟಿ ಮಾಡುತ್ತವೆ, ಕೆಲವು ಗಂಡುಗಳು ಗೂಡನ್ನೇ ತೊರೆಯುತ್ತವೆ. ಇದೇ ತಂಡದ ಇಲಿನಾಯ್ ಪ್ರಯೋಗ ಇನ್ನೂ ಕುತೂಹಲದ್ದು. ರಿಡ್ಜ್ ಲೇಕ್ ಎಂಬ ಸಣ್ಣ ಸರೋವರದಲ್ಲಿ ನಾಲ್ಕು ವರ್ಷ ಹಿಡಿದ ಪ್ರತಿ ಬಾಸನ್ನೂ ಗುರುತು ಹಾಕಿ ಬಿಟ್ಟು, 1980ರಲ್ಲಿ ನೀರು ಖಾಲಿ ಮಾಡಿದಾಗ ಸಿಕ್ಕ 1,700ಕ್ಕೂ ಹೆಚ್ಚು ಮೀನುಗಳಲ್ಲಿ ಸುಮಾರು 200 ಒಮ್ಮೆಯೂ ಗಾಳಕ್ಕೆ ಬಿದ್ದಿರಲಿಲ್ಲ. ಗಾಳಕ್ಕೆ ಬಿದ್ದ, ಬೀಳದ ಎರಡೂ ಗುಂಪುಗಳನ್ನು ತಲೆಮಾರುಗಟ್ಟಲೆ ಬೇರೆಬೇರೆಯಾಗಿ ಸಾಕಿ, ಗಾಳಕ್ಕೆ ಬೀಳುವ ಗುಣ ವಂಶಪಾರಂಪರ್ಯವೆಂದು 2009ರಲ್ಲಿ ತೋರಿಸಿದರು. ಸುಲಭವಾಗಿ ಕಚ್ಚುವ ಗಂಡುಗಳೇ ಮರಿಗಳನ್ನು ಚೆನ್ನಾಗಿ ಕಾಯುತ್ತವೆ ಎಂದು 2012ರ ಪ್ರಬಂಧವೊಂದು ಸೇರಿಸಿತು.

ಇಷ್ಟಾದರೂ ನಾರಿಸ್‌ನ ತೀರ್ಮಾನ ಸುಳ್ಳಾಗುವುದಿಲ್ಲ. ದಕ್ಷಿಣದ ವಿಶಾಲ ಜಲಾಶಯದಲ್ಲಿ ಮೊಟ್ಟೆಯಿಡುವ ಕಾಲ ದೀರ್ಘ, ಕೆಲವು ಗೂಡು ಹಾಳಾದರೂ ಉಳಿದವು ಸರಿದೂಗಿಸುತ್ತವೆ. ಬಡಗಣ ಸರೋವರದಲ್ಲಿ ಆ ಕಾಲ ಕೆಲವೇ ವಾರ, ಚಳಿಗಾಲದೊಳಗೆ ಮರಿ ಬೆಳೆಯಲು ಸಮಯವೂ ಕಡಿಮೆ. ಎರಡು ಪಕ್ಷಗಳೂ ಒಂದೇ ಬಗೆಯ ನೀರಿನ ಬಗ್ಗೆ ಮಾತಾಡುತ್ತಿಲ್ಲ ಎಂಬುದನ್ನು ಬಹಳಷ್ಟು ಬರಹಗಳು ಮರೆಯುತ್ತವೆ.

ಹಳೆಯ ವರದಿಗಳನ್ನು ಓದುವವರು ವೈಜ್ಞಾನಿಕ ಹೆಸರಿನ ಗೊಂದಲವನ್ನೂ ಗಮನಿಸಬೇಕು. ಫ್ರೆಂಚ್ ನಿಸರ್ಗವಿಜ್ಞಾನಿ ಲಾಸೆಪೇಡ್ 1802ರಲ್ಲಿ ಸಾಲ್ಮಾಯ್ಡೀಸ್ ಎಂದು ಹೆಸರಿಟ್ಟದ್ದು ದಕ್ಷಿಣ ಕ್ಯಾರೊಲೈನದ ಮೀನಿಗೆ. ಅದು ಫ್ಲಾರಿಡಾ ಬಾಸ್‌ನ ನೆಲೆ ಎಂದು 2022ರ ವಂಶವಾಹಿ ಅಧ್ಯಯನ ತೋರಿಸಿದ ಮೇಲೆ ಆ ಹೆಸರು ಫ್ಲಾರಿಡಾ ಬಾಸ್‌ಗೆ ಹೋಗಿ, ಲಾರ್ಜ್‌ಮೌತ್‌ಗೆ ನೈಗ್ರಿಕನ್ಸ್ ಎಂಬ ಹೆಸರು ಬಂದಿದೆ.

ನಿಷೇಧದ ವಾದ ಬಗೆಹರಿಯದಿದ್ದರೂ ಕಾನೂನು ಹೆಚ್ಚಾಗಿ ಸಡಿಲಿಕೆಯತ್ತ ಸಾಗಿದೆ. ನ್ಯೂಯಾರ್ಕ್ ರಾಜ್ಯ 2022ರ ಏಪ್ರಿಲ್‌ನಿಂದ ತನ್ನ ಬಹುತೇಕ ನೀರುಗಳಲ್ಲಿ ಡಿಸೆಂಬರ್ 1ರಿಂದ ಜೂನ್ 14ರವರೆಗೆ ಬಾಸ್ ಹಿಡಿದು ಬಿಡಲು ಅನುಮತಿ ನೀಡಿದೆ. ಮನೆಗೆ ಒಯ್ಯಲು ಜೂನ್ 15ರವರೆಗೆ ಕಾಯಬೇಕು. ಆದರೆ ಒಂಟಾರಿಯೊದ ಅನೇಕ ಸರೋವರಗಳಲ್ಲಿ ಜೂನ್ ಕೊನೆಯ ಭಾಗದವರೆಗೆ ಬಾಸ್‌ಗೆ ಗಾಳ ಹಾಕುವಂತಿಲ್ಲ.