ನಿಲ್ಲಿಸುವವರು ಯಾರು?

ಹೋದ ತಿಂಗಳು ಮಗ ಬಾಕ್ಸಿಂಗ್ ಕ್ಲಾಸಿನ ಒಪ್ಪಿಗೆ ಪತ್ರ ತಂದು, "ಅಪ್ಪ, ಸಹಿ ಹಾಕು" ಅಂದ. ಎಂಟನೇ ಕ್ಲಾಸಿನ ಹುಡುಗ. ಇಲ್ಲಿ ಪುಣೆಯಲ್ಲಿ ಅವನ ಗೆಳೆಯರೆಲ್ಲ ಆಗಲೇ ಸೇರಿದ್ದಾರೆ. 2022ರ ಜುಲೈನಲ್ಲಿ ಬೆಂಗಳೂರಿನ ಕಿಕ್‌ಬಾಕ್ಸಿಂಗ್ ಪಂದ್ಯವೊಂದರಲ್ಲಿ ಏಟು ತಿಂದು ತೀರಿಕೊಂಡ ಯುವಕನ ಸುದ್ದಿ ನೆನಪಾಗಿ ಪೆನ್ನು ಕೆಳಗಿಟ್ಟೆ. ಆ ರಾತ್ರಿ ರಿಂಗಿನಲ್ಲಿ ಜೀವ ಕಳೆದುಕೊಂಡವರ ಚರಿತ್ರೆ ಓದುತ್ತಾ ಕೂತೆ.

1982ರ ನವೆಂಬರ್ 13, ಲಾಸ್ ವೇಗಸ್‌ನ ಸೀಸರ್ಸ್ ಪ್ಯಾಲೇಸ್. ಡಬ್ಲ್ಯುಬಿಎ ಲೈಟ್‌ವೇಟ್ ಚಾಂಪಿಯನ್, ಅಮೆರಿಕದ ರೇ ಮ್ಯಾನ್ಸಿನಿಯ ಎದುರು ದಕ್ಷಿಣ ಕೊರಿಯಾದ ಕಿಮ್ ಡುಕ್-ಕೂ. ತೂಕದ ಮಿತಿಗೆ ಇಳಿಯಲು ಬಹಳ ಕಷ್ಟಪಟ್ಟು ಬಂದಿದ್ದ. 15 ಸುತ್ತುಗಳ ಪಂದ್ಯ. ಮೊದಲರ್ಧ ಸರಿಸಮ ಹೋರಾಟ; ಆಮೇಲೆ ಮ್ಯಾನ್ಸಿನಿಯದೇ ಮೇಲುಗೈ. 13ನೇ ಸುತ್ತಿನಲ್ಲಿ ಏಟಿನ ಸುರಿಮಳೆಯಾದರೂ ಕಿಮ್ ತಿರುಗಿ ಹೊಡೆದ. 14ನೇ ಸುತ್ತು ಶುರುವಾದ ಕೆಲವೇ ಸೆಕೆಂಡುಗಳಲ್ಲಿ ಬಲಗೈಯ ಏಟಿಗೆ ಹಿಂದಕ್ಕೆ ಬಿದ್ದ. ಹಗ್ಗ ಹಿಡಿದು ಎದ್ದೂ ಬಿಟ್ಟ. ರೆಫರಿ ರಿಚರ್ಡ್ ಗ್ರೀನ್ ಪಂದ್ಯ ನಿಲ್ಲಿಸಿದರು. ಸ್ವಲ್ಪ ಹೊತ್ತಿಗೇ ಕಿಮ್‌ಗೆ ಪ್ರಜ್ಞೆ ತಪ್ಪಿತು. ಮಿದುಳಿನ ಆಪರೇಷನ್ ಫಲ ಕೊಡಲಿಲ್ಲ. ನವೆಂಬರ್ 18ರಂದು ತೀರಿಕೊಂಡ.

ಏಟಿಗೆ ತಲೆ ಗಕ್ಕನೆ ತಿರುಗಿದಾಗ, ಮಿದುಳಿಗೂ ಅದರ ಹೊರಪದರಕ್ಕೂ ನಡುವೆ ಹಾದುಹೋಗುವ ಸಣ್ಣ ರಕ್ತನಾಳಗಳು ಹರಿಯಬಹುದು. ರಕ್ತ ಒಳಗೇ ತುಂಬಿ ಮಿದುಳನ್ನು ಅದುಮುತ್ತದೆ. ಹೊರಗಿನಿಂದ ಏನೂ ಕಾಣದು. ಆಟಗಾರ ಇನ್ನೂ ನಿಂತೇ ಇರುತ್ತಾನೆ.

ದುರಂತ ಅಲ್ಲಿಗೆ ಮುಗಿಯಲಿಲ್ಲ. ಕೆಲವೇ ತಿಂಗಳಲ್ಲಿ ಕಿಮ್‌ನ ತಾಯಿ, 1983ರ ಜುಲೈನಲ್ಲಿ ರೆಫರಿ ಗ್ರೀನ್, ಇಬ್ಬರೂ ಆತ್ಮಹತ್ಯೆ ಮಾಡಿಕೊಂಡರು. ಕಿಮ್ ಮದುವೆಯಾಗಬೇಕಿದ್ದ ಹುಡುಗಿ ಗರ್ಭಿಣಿಯಾಗಿದ್ದಳು; ಮಗ ಅಪ್ಪನ ಮುಖ ನೋಡಲಿಲ್ಲ.

ನಿಯಮ ಬದಲಾಯಿತು. ಡಬ್ಲ್ಯುಬಿಸಿ 1983ರಿಂದ ಪಂದ್ಯವನ್ನು 12 ಸುತ್ತಿಗೆ ಇಳಿಸಿತು. ಕಿಮ್ ಯಾವ ಸಂಸ್ಥೆಯ ಪ್ರಶಸ್ತಿಗಾಗಿ ಆಡಿದ್ದನೋ ಆ ಡಬ್ಲ್ಯುಬಿಎ ಇಳಿಸಿದ್ದು 1987ರಲ್ಲಿ.

ಆದರೆ ಇನ್ನೂ 20 ವರ್ಷ ಹಿಂದೆ ಹೋಗಿ. 1962ರ ಮಾರ್ಚ್ 24, ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಎಮಿಲ್ ಗ್ರಿಫಿತ್‌ನ ಏಟುಗಳಿಗೆ ಕ್ಯೂಬಾದ ಬೆನ್ನಿ ಪ್ಯಾರೆಟ್ ಮೂಲೆಯಲ್ಲಿ ಕುಸಿದ. ಹತ್ತು ದಿನದ ಮೇಲೆ ಸತ್ತ. ಅದು ಎಷ್ಟನೇ ಸುತ್ತು? 12ನೆಯದು! ಅದಕ್ಕೂ ಮುಂಚೆ, ಡಿಸೆಂಬರಿನಲ್ಲಷ್ಟೇ ಜೀನ್ ಫುಲ್ಮರ್‌ನಿಂದ ಭಾರಿ ಪೆಟ್ಟು ತಿಂದು ನಾಕೌಟ್ ಆಗಿದ್ದ. ಅವನನ್ನು ತಡೆಯಬೇಕಾಗಿದ್ದದ್ದು ರಿಂಗ್ ಹತ್ತುವ ಮೊದಲೇ.

ಸುತ್ತು ಕಡಿಮೆ ಮಾಡಿದ್ದು ಒಳ್ಳೆಯದೇ. ಆದರೆ ಸಂಖ್ಯೆ ಯಾರನ್ನೂ ಕೈಹಿಡಿದು ಕೆಳಗಿಳಿಸುವುದಿಲ್ಲ. ಛಲ ಅಂದ ಕೂಡಲೇ ದುರ್ಯೋಧನನನ್ನು ನೆನೆದು ಮೆಚ್ಚುವವರು ನಾವು. ಬಿದ್ದವನು ಎದ್ದರೆ ಚಪ್ಪಾಳೆ ತಟ್ಟುತ್ತೇವೆ. ನನ್ನ ಕೆಲಸದಲ್ಲೂ ಅಷ್ಟೆ: ರಾತ್ರಿ ಎರಡು ಗಂಟೆಗೆ, ಸತತ ಮೂರನೇ ದಿನ ನಿದ್ದೆಗೆಟ್ಟ ಹುಡುಗ "ಸರ್, ಆಗುತ್ತೆ" ಅಂದಾಗ ನಂಬಿ ಮುಂದುವರಿಸಿದ್ದೇನೆ. ನಂಬಿದ್ದು ನನ್ನ ಅನುಕೂಲಕ್ಕೆ. ಸಾಕೋ ಬೇಕೋ ಎಂದು ದಣಿದವನನ್ನೇ ಕೇಳಬಾರದು.

ಮರುದಿನ ಕೋಚ್ ಹತ್ತಿರ ಹೋಗಿ ಒಂದೇ ಪ್ರಶ್ನೆ ಕೇಳಿದೆ: "ಪಂದ್ಯದಲ್ಲಿ ಇವನನ್ನು ನಿಲ್ಲಿಸೋರು ಯಾರು?"

"ನಾನು. ಅವನು ಅತ್ತು ಕರೆದು ಬೇಡ ಅಂದರೂ."

ಮಗನ ಮುಖ ಸಪ್ಪಗಾಯಿತು. ನಾನು ಸಹಿ ಹಾಕಿದೆ.