ಯಾದೃಚ್ಛಿಕ

‘ಯದೃಚ್ಛೆ’ಯಲ್ಲಿ ‘ಇಚ್ಛೆ’ ಅಡಗಿದೆ ಎಂದು ಕಿವಿಗೆ ತೋರುತ್ತದೆ, ಆದರೆ ಹಾಗಿಲ್ಲ. ‘ಯದ್’ ಜೊತೆ ಕೂಡಿರುವುದು ಹೋಗು, ಒದಗು ಎಂಬರ್ಥದ ‘ಋ’ ಧಾತು. ತಾನಾಗಿ ಒದಗಿದ್ದೇ ಯದೃಚ್ಛೆ, ಅದರ ವಿಶೇಷಣ ಯಾದೃಚ್ಛಿಕ. ಜಗತ್ತಿನ ಮೂಲ ಯಾವುದೆಂದು ಕೇಳುವ ಶ್ವೇತಾಶ್ವತರ ಉಪನಿಷತ್ತು ಯದೃಚ್ಛೆಯನ್ನು ನಿಯತಿಯಿಂದ ಬೇರೆಯಾಗಿಯೇ ಎಣಿಸುತ್ತದೆ. ಸಿ ಪ್ರೋಗ್ರಾಮಿಂಗ್ ಭಾಷೆಯ ರ್‍ಯಾಂಡ್ ಫಂಕ್ಷನ್ ಹುಟ್ಟಿಸುವ, ಪ್ರಿಂಟ್‌ಎಫ್ ಪರದೆಯ ಮೇಲೆ ಮೂಡಿಸುವ ‘ಯಾದೃಚ್ಛಿಕ’ ಸಂಖ್ಯೆಗಳಾದರೋ ಪೂರ್ತಿ ನಿಯತಿಗೆ ಸೇರಿದವು. ಎಸ್‌ರ್‍ಯಾಂಡ್ ಮೂಲಕ ಬೀಜ, ಎಂದರೆ ಆರಂಭದ ಸಂಖ್ಯೆ, ಕೊಡದಿದ್ದರೆ ಅದು 1 ಎಂದೇ ಲೆಕ್ಕ. ಪ್ರೋಗ್ರಾಂ ಎಷ್ಟು ಸಲ ಓಡಿಸಿದರೂ ಅದೇ ಸಾಲು. ಕುಮಟಾದ ಅಘನಾಶಿನಿ ದಡದ ಗಜನಿ ಗದ್ದೆಯಲ್ಲಿ ಕಗ್ಗ ಭತ್ತ ಬಿತ್ತಿದರೆ ಕಗ್ಗವೇ ಬೆಳೆಯುತ್ತದಲ್ಲ, ಹಾಗೆ. ‘ಬೀಜ’ ಎಂಬ ಮಾತು ಇಲ್ಲಿ ಎಷ್ಟು ಚೆನ್ನಾಗಿ ಒಪ್ಪುತ್ತದೆ!

ಗಡಿಯಾರದ ಸಮಯವನ್ನೇ ಬೀಜವಾಗಿ ಕೊಟ್ಟರೆ ಪ್ರತಿ ಸಲ ಬೇರೆ ಸಂಖ್ಯೆ ಬರುತ್ತದಲ್ಲವೇ ಎನ್ನಬಹುದು. ಬೀಜ ಬದಲಾಯಿತು, ನಿಯಮ ಬದಲಾಗಲಿಲ್ಲ. ಸಮಯ ಊಹಿಸಬಲ್ಲವರು ಸಾಲನ್ನೂ ಊಹಿಸಬಲ್ಲರು. ಅದು ದಾಳದ ಆಟಕ್ಕೆ ಸಾಕು, ಪಾಸ್‌ವರ್ಡಿಗೆ ಸಾಲದು. ಹಾಗೆಂದು ಒಳ್ಳೆಯ ಪದವನ್ನು ಬಿಡಬೇಕಿಲ್ಲ, ಅದರ ಹಿಂದೆ ‘ಹುಸಿ’ ಸೇರಿಸಿದರಾಯಿತು. ಭಟ್ಕಳ, ಹೊನ್ನಾವರ, ಕುಮಟಾದ ತರಗತಿಗಳಲ್ಲಿ ಸಿ ಕಲಿಸುವವರು ಕನ್ನಡದಲ್ಲಿ ಬಿಡಿಸಿ ಹೇಳುವಾಗ ‘ಹುಸಿ ಯಾದೃಚ್ಛಿಕ’ ಎಂದೇ ಹೇಳಲಿ.